ಎಂಟು ಮೀಟರ್ ಕಂಬ

(ಕನ್ನೊಳ್ಳಿಯ ಒಂದು ಓಣಿ. ಹೊತ್ತು ಮುಳುಗುವ ಸಮಯ. ಬೇವಿನ ಗಿಡದ ಕೆಳಗೆ ಕಟ್ಟೆ. ಎರಡೂ ಮೊಳಕಾಲಿಗೆ ಅರಿಷಿಣ ಮೆತ್ತಿಕೊಂಡ ಪರಸು ಕುಂಟುತ್ತ ಬರುತ್ತಾನೆ. ಪವರ್‌ಮನ್ ಭರ್ತಿಗೆ ತಯಾರಾಗುವ ಹುಡುಗರನ್ನು ನಮ್ಮ ಕಡೆ ಮುಖ ನೋಡಿ ಗುರುತಿಸಬೇಕಿಲ್ಲ, ಮೊಳಕಾಲು ನೋಡಿದರೆ ಸಾಕು.)

ಮುತ್ಯಾ: ಯಾಕಲೇ ಪರಸ್ಯಾ, ಎತ್ತು ಹಾಯ್ತೇನು?

ಪರಸು: ಇಲ್ಲ ಮುತ್ಯಾ, ಕಂಬ ಏರಾಕ ಹೋಗಿದ್ದೆ.

ಮುತ್ಯಾ: ಏರಿದೇನು?

ಪರಸು: ಏರಿದ್ದು ನಾ. ಇಳಿಸಿದ್ದು ಕಂಬ.

ಮುತ್ಯಾ: ಎಷ್ಟು ಎತ್ತರಪಾ ಅದು?

ಪರಸು: 8 ಮೀಟರ್. ಅದು ಕಡ್ಡಾಯ. ಮ್ಯಾಲ 100 ಮೀಟರ್ 14 ಸೆಕೆಂಡಿನಾಗ ಓಡಬೇಕು, 800 ಮೀಟರ್ 3 ಮಿನಿಟಿನಾಗ ಓಡಬೇಕು, ಹಗ್ಗ ಜಿಗೀಬೇಕು, ಕಬ್ಬಿಣದ ಗುಂಡು ಒಗೀಬೇಕು. ಈ ನಾಕರಾಗ ಎರಡು ಗೆದ್ರ ಆತು.

ಮುತ್ಯಾ: ಕಂಬ ಏರೂದು ತಿಳೀತು. ಗುಂಡು ಯಾರಿಗೆ ಒಗೀತೀರಿ? ಬಿಲ್ ಕಟ್ಟಲಾರದವರಿಗೇನು?

ಪರಸು: ಇರಬೇಕು ಮುತ್ಯಾ. ಒಗದ ಮ್ಯಾಲ ಓಡಬೇಕಲ್ಲ, ಅದಕ್ಕ 800 ಮೀಟರ್.

(ನಿವೃತ್ತ ಲೈನ್‌ಮನ್ ಶರಣಪ್ಪ ಬಂದು ಕೂಡುತ್ತಾನೆ. ಕೂಡುವ ಮೊದಲು ತಲೆ ಮೇಲೆತ್ತಿ ತಂತಿ ನೋಡುತ್ತಾನೆ. ನೌಕರಿ ಬಿಟ್ಟರೂ ಕುತ್ತಿಗೆ ಬಿಟ್ಟಿಲ್ಲ.)

ಮುತ್ಯಾ: ಶರಣಪ್ಪ, ಕೂಡಗ್ಯಾಗ 800 ಮೆಗಾವಾಟಿನ ಮೂರು ಘಟಕ ಕೂಡಿ 2400 ಮೆಗಾವಾಟ್ ಕರೆಂಟ್ ಹುಟ್ಟತೈತಿ ಅಂತಾರ. ಅಲ್ಲಿ ನೆರಳಾಗ ಕುರ್ಚಿ ಮ್ಯಾಲ ಕೂಡೂ ನೌಕ್ರಿ ಕೊಡಸಪಾ ಇವಗ.

ಶರಣಪ್ಪ: ಐಟಿಐ ಮಾಡ್ಯಾನೇನ್ರಿ? ಡಿಪ್ಲೊಮಾ?

ಮುತ್ಯಾ: ಹತ್ತನೇತ್ತಾ ಮಾಡ್ಯಾನ. ಹನ್ನೊಂದನೇತ್ತೆ ಅವನ್ನ ಮಾಡ್ತು.

ಶರಣಪ್ಪ: ಹಂಗಾರ ಕಂಬಾನ ಗತಿ ರೀ. ಪವರ್‌ಮನ್‌ಗೆ ಹತ್ತನೇತ್ತಾ ಸಾಕು. ಮಾರ್ಕ್ಸ್ ನೋಡಿ ಕರೀತಾರ, ಮೊಳಕಾಲು ನೋಡಿ ಇಟಗೋತಾರ.

ಆಯಿ (ಬಾಗಿಲಿನಿಂದ): ನಮ್ಮ ಅಕ್ಕನ ಮೊಮ್ಮಗ ಧಾರವಾಡದಾಗ ಗ್ಯಾಸಿನ ಪೈಪ್ ಹಾಕ್ತಾನ. ಎಲ್ಲಾ ನೆಲದಾಗ. ಬೀಳೂ ಅಂಜಿಕಿ ಇಲ್ಲ. ಇವನ್ನೂ ಅಲ್ಲೇ ಕಳಸ್ರಿ.

ಶರಣಪ್ಪ: ಅದಕ್ಕೂ ಟ್ರೇನಿಂಗ್ ಬೇಕ್ರಿ ಆಯಿ. ಆ ಗ್ಯಾಸಿಗೆ ತನ್ನದು ಅಂತ ವಾಸನಿ ಇಲ್ಲ. ಸೋರಿದ್ರ ತಿಳೀಲಿ ಅಂತ ಹೊಲಸು ವಾಸನಿ ಬೆರಸ್ತಾರ.

ಮುತ್ಯಾ: ಹಾಲಿಗೆ ನೀರು ಬೆರಸೂದು ಕೇಳಿದ್ದೆ. ಬೆರಸಿದ್ದನ್ನ ಹೇಳಿ ಬೆರಸವರು ಇವರೊಬ್ರ ನೋಡು.

ಶರಣಪ್ಪ: ಇನ್ನೊಂದು ಕೇಳ್ರಿ. ನಮ್ಮ ಸಿಲಿಂಡರ್ ಗ್ಯಾಸ್ ಸೋರಿದ್ರ ನೆಲಕ್ಕ ಕೂಡತೈತಿ. ಪೈಪಿನ ಗ್ಯಾಸ್ ಹಗುರ, ಮ್ಯಾಲ ಏರತೈತಿ.

ಆಯಿ: ಅದೂ ಏರತೈತೇನು! ನನ್ನ ಮೊಮ್ಮಗ ನೆಲದಾಗ ಇರೂ ಯೋಗನ ಇಲ್ಲ ಬಿಡು.

ಶರಣಪ್ಪ: ಪರಸು, ಏರೂಕಿಂತ ಮೊದಲ ಲೈನ್ ಕ್ಲಿಯರ್ ತಗೊಂಡಿದ್ದೇನು?

ಪರಸು: ಕಾಕಾ, ಅದು ಬರೀ ಕಂಬ ರೀ. ತಂತಿ ಇಲ್ಲಾಂತ ಕಣ್ಣಿಗೆ ಕಾಣತೈತಲ್ರಿ.

ಶರಣಪ್ಪ: ಕರೆಂಟ್ ಕಣ್ಣಿಗೆ ಕಾಣೂ ಹಂಗಿದ್ರ, ನನ್ನ ಜೋಡಿ ಕೆಲಸಕ್ಕ ಸೇರಿದ ಇಬ್ಬರು ಇವತ್ತು ಈ ಕಟ್ಟಿ ಮ್ಯಾಲ ಕುಂತಿರತಿದ್ರು.

(ಮುತ್ಯಾ ಎಲೆಯಡಿಕೆ ಚೀಲ ಬಿಚ್ಚಿದ. ಮತ್ತೆ ಕಟ್ಟಿದ.)

ಶರಣಪ್ಪ: ಏರೂದು ಮಂಗ್ಯಾಗೂ ಬರತೈತಿ. ಸ್ಟೇಷನ್ನಿಗೆ ಫೋನ್ ಹಚ್ಚಿ ಲೈನ್ ಕ್ಲಿಯರ್ ಕೇಳು, ಬರಕೋ. ಸ್ವಿಚ್ ಬಿಡಿಸಿ ಕೀಲಿ ಹಾಕು, ಕೀಲಿ ನಿನ್ನ ಕಿಸೇದಾಗ ಇರಲಿ. ಆಮ್ಯಾಲ ಟೆಸ್ಟರ್. ಆಮ್ಯಾಲ ಕೆಲಸ ಮಾಡೂ ಜಾಗದ ಆ ಕಡಿ, ಈ ಕಡಿ ಎರಡೂ ಅರ್ಥಿಂಗ್. ಆಮ್ಯಾಲ ಕಾಲು.

ಪರಸು: ಸ್ಟೇಷನ್ನಿನಾಗ ಬಂದ್ ಮಾಡಿದ ಮ್ಯಾಲ ಅರ್ಥಿಂಗ್ ಯಾಕ್ರಿ?

ಶರಣಪ್ಪ: ಊರಾಗ ಒಂದು ಮದವಿ ಐತಿ ಅಂತ ತಿಳಕೋ. ಕರೆಂಟ್ ಇಲ್ಲ, ಜನರೇಟರ್ ಹಚ್ಚಿ ಮನಿ ವೈರಿಗೆ ಕೊಟ್ಟಾರ, ಮೇನ್ ಸ್ವಿಚ್ ತೆಗದಿಲ್ಲ. ಆ 230 ವೋಲ್ಟ್ ತಿರುಗಿ ಟ್ರಾನ್ಸ್‌ಫಾರ್ಮರಿಗೆ, ನಮ್ಮ ಟಿ.ಸಿ.ಗೆ ಹೋತು. ಟಿ.ಸಿ.ಗೇನು ಬುದ್ಧಿ ಐತಿ? ಮ್ಯಾಲಿಂದ ಬಂದಿದ್ದನ್ನ ಇಳಸತೈತಿ, ಕೆಳಗಿಂದ ಬಂದಿದ್ದನ್ನ ಏರಸತೈತಿ. ಅತ್ತ ಕಡಿ 11,000 ಆಗಿ ನಿನ್ನ ಕೈಯಾಗ.

ಮುತ್ಯಾ: ಅಲಾ ಇವನ! ಬೀಗರ ಊಟಕ್ಕ ನಮ್ಮ ಹುಡುಗನ ಸುಡಬೇಕಾತೇನು?

(ಅಷ್ಟರಲ್ಲಿ ಓಣಿಯ ಲೈಟೆಲ್ಲ ಒಮ್ಮೆಲೇ ಹೋಗುತ್ತವೆ.)

ಮುತ್ಯಾ: ಹೋತು! ಇದು ಫ್ಯೂಸ್. ತ್ರೀ ಫೇಸ್ ಪಾಳಿ ಐತಿ, ಲಿಂಬಿ ತೋಟಕ್ಕ ನೀರು ಬಿಟ್ಟೀನಿ. ಪರಸ್ಯಾ, ಹಿತ್ತಲದಾಗ ಬಿದಿರಿನ ಕೋಲು ಐತಿ, ಲಗೂನ ಹೋಗಿ ಟಿ.ಸಿ. ಫ್ಯೂಸ್ ಹಾಕಿ ಬಾ. 8 ಮೀಟರ್ ಏರವಗ ಇದ್ಯಾವ ಲೆಕ್ಕ!

ಪರಸು: ಆಗಂಗಿಲ್ಲ ಮುತ್ಯಾ. 1912ಕ್ಕ ಫೋನ್ ಹಚ್ಚತೀನಿ.

ಮುತ್ಯಾ: ಅವರು ಬರೂತನಕ?

ಪರಸು: ಲಿಂಬಿ ಗಿಡ ಕಾಯ್ತಾವ.

ಮುತ್ಯಾ: ಶರಣಪ್ಪ, ನೀ ಬರೂಕಿಂತ ಮೊದಲ ಈ ಹುಡುಗ ಭಾಳ ಚೊಲೋ ಇದ್ದ ನೋಡು.

ಆಯಿ (ಕತ್ತಲೊಳಗಿಂದ): ಮಾತು ಸಾಕು, ಒಳಗ ಏನೂ ಕಾಣವಲ್ದು. ಬಂದು ಚಿಮಣಿ ಹಚ್ಚರಿ.

(ಮುತ್ಯಾ ಕಡ್ಡಿಪೆಟಗಿ ತಡಕುತ್ತ ಏಳುತ್ತಾನೆ.)

ಪರಸು: ಮುತ್ಯಾ, ತಡಿ. ಮೊದಲ ಒಲಿ ಹಂತೇಕ ಹೋಗಿ ಗ್ಯಾಸಿನ ವಾಸನಿ ನೋಡು.

ಮುತ್ಯಾ: ಕಡ್ಡಿ ಗೀರಾಕೂ ಲೈನ್ ಕ್ಲಿಯರ್ ಬೇಕೇನಲೇ!