ಅದೃಶ್ಯ ಕರಾವಳಿ: ವೆಸ್ಟ್ ಬ್ಲೂಮ್‌ಫೀಲ್ಡ್ ಕೆರೆದಂಡೆಗಳ ದ್ವಿಚಕ್ರೀಯ ಸಂಕಥನ ಮತ್ತು ಅದರ ತಾತ್ತ್ವಿಕ ನೆಲೆಗಳು

ಅಧ್ಯಯನದ ಉದ್ದೇಶ, ವ್ಯಾಪ್ತಿ ಮತ್ತು ಮಿತಿ

ಮಿಶಿಗನ್ ರಾಜ್ಯದ ವೆಸ್ಟ್ ಬ್ಲೂಮ್‌ಫೀಲ್ಡ್ ಎಂಬ ಭೌಗೋಳಿಕ ಸಂರಚನೆಯಲ್ಲಿ ಜಲ, ಪೆಡಲ್ ಮತ್ತು ಪ್ರಜ್ಞೆಗಳು ಪರಸ್ಪರ ಮುಖಾಮುಖಿಯಾಗುವ ಬಹುಸ್ತರೀಯ ಪ್ರಕ್ರಿಯೆಯನ್ನು ಪೆಡಲೋತ್ತರ ನೆಲೆಯಿಂದ ಅನುಸಂಧಾನಕ್ಕೊಳಪಡಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿರುತ್ತದೆ. ನಾನೂ ನನ್ನ ಗೆಳೆಯನೂ ಒಂದು ಶನಿವಾರ ಸೈಕಲ್ ಹೊಡೆದೆವು ಎಂದರೂ ಸಾಕಿತ್ತು. ಆದರೆ ಹಾಗೆಂದರೆ ಯಾರೂ ಸಂಕಿರಣಕ್ಕೆ ಕರೆಯುವುದಿಲ್ಲ.

ಈಚೆಗೆ ಅಂಥದೊಂದು ಸಂಕಿರಣದಲ್ಲಿ ಜಲಪ್ರಜ್ಞೆಯ ಆಯಾಮಗಳನ್ನು ಕುರಿತ ಆಶಯ ಭಾಷಣ ಕೇಳಿದೆ. ಒಂದೂವರೆ ಗಂಟೆ. ಒಂದೇ ಒಂದು ಕೆರೆಯ ಹೆಸರು ಬರಲಿಲ್ಲ. ಭಾಷಣಕಾರರ ಮುಂದಿದ್ದ ಬಾಟಲಿ ಬಿಟ್ಟರೆ ಆ ಸಭಾಂಗಣದಲ್ಲಿ ಜಲವೇ ಇರಲಿಲ್ಲ. ಆ ಕೊರತೆ ನೀಗಿಸುವುದು ಈ ಪ್ರಬಂಧದ ಉಪೋದ್ದೇಶ.

ಸಹಸಂಶೋಧಕರು, ಅಂದರೆ ಮೇಲೆ ಹೇಳಿದ ಗೆಳೆಯ, ಕುಂದಾಪುರದ ಕಡೆಯವರು. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ಇರುವುದನ್ನು ನೋಡುತ್ತಲೇ ಬೆಳೆದವರು. ಹೀಗಾಗಿ ‘ತೀರ’ ಎಂಬ ಪರಿಕಲ್ಪನೆಯ ಬಗ್ಗೆ ಅವರಿಗೆ ಕೆಲವು ಪೂರ್ವಗ್ರಹಗಳಿವೆ. ನೀರು ಕಾಣಬೇಕು ಎಂಬುದು ಅವುಗಳಲ್ಲಿ ಮುಖ್ಯವಾದುದು.

ಕ್ಷೇತ್ರಕಾರ್ಯ

ವೆಸ್ಟ್ ಬ್ಲೂಮ್‌ಫೀಲ್ಡ್ ಟ್ರೇಲ್‌ನಲ್ಲಿ ಹಿಂದೆ ರೈಲು ಓಡುತ್ತಿತ್ತು. ಹಳಿ ಕಿತ್ತ ಮೇಲೆ ಸುಣ್ಣಕಲ್ಲಿನ ಪುಡಿ ಹಾಸಿ, ಸುಮಾರು 7 ಮೈಲಿ ದಾರಿಯನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟಿದ್ದಾರೆ. ಪೂರ್ವಕ್ಕೆ ಹೋದರೆ ಕ್ಲಿಂಟನ್ ರಿವರ್ ಟ್ರೇಲ್, ಪಶ್ಚಿಮಕ್ಕೆ ಹೋದರೆ ಮಿಶಿಗನ್ ಏರ್ ಲೈನ್ ಟ್ರೇಲ್. ದಾರಿಗುಂಟ ಮರದ ನೆರಳು, ಜೌಗಿನಲ್ಲಿ ಆಮೆ, ತಪಸ್ಸಿಗೆ ನಿಂತ ಕೊಕ್ಕರೆ. ಟ್ರೇಲ್‌ನ ಮೇಲೆ ನನಗೆ ಯಾವ ದೂರೂ ಇಲ್ಲ; ಕೆನಡಾದ ಹೆಬ್ಬಾತುಗಳು ಅದರ ಮೇಲೆ ಮಾಡಿಟ್ಟ ವ್ಯಾಖ್ಯಾನಗಳನ್ನು ಬಳಸಿ ಹೋಗಬೇಕು, ಅಷ್ಟೆ. ಸಮಸ್ಯೆ ಶುರುವಾದದ್ದು ಟ್ರೇಲ್ ಬಿಟ್ಟು ಕೆರೆಗಳ ಕಡೆ ತಿರುಗಿದಾಗ.

ಕೆರೆಗಳೇನು ಕಡಿಮೆಯೆ? ಆರ್ಚರ್ಡ್ ಲೇಕ್, ಪೈನ್ ಲೇಕ್, ವಾಲ್ನಟ್ ಲೇಕ್, ಕ್ಯಾಸ್ ಲೇಕ್, ಅಪ್ಪರ್ ಸ್ಟ್ರೇಟ್ಸ್. ಹಿಮಯುಗದ ಕೊನೆಗೆ ಹಿಮನದಿ ಹಿಂದೆ ಸರಿಯುವಾಗ ಮಣ್ಣಿನಲ್ಲಿ ಹೂತುಳಿದ ಮಂಜುಗಡ್ಡೆಗಳು ಕರಗಿ ಆದ ಹೊಂಡಗಳಿವು. ಸಂಗ್ರಹಿಸಿದ ದತ್ತಾಂಶಗಳ ಆಧಾರದಿಂದ ಇವುಗಳ ತೀರವನ್ನು ಒಂಬತ್ತು ಪ್ರಭೇದಗಳಾಗಿ ವಿಂಗಡಿಸಲಾಗಿದೆ. ಮೊದಲನೆಯದು ಗ್ಯಾರೇಜಾಂತರಿತ ತೀರ: ನೀರಿಗೂ ವೀಕ್ಷಕನಿಗೂ ನಡುವೆ ಮೂರು ಕಾರಿನ ಗ್ಯಾರೇಜ್ ಇರುವಂಥದು. ಎರಡನೆಯದು ಕ್ಷಣಿಕ ತೀರ: ಎರಡು ಮನೆಗಳ ಸಂದಿಯಲ್ಲಿ ಹೊಳೆದು ಮಾಯವಾಗುವಂಥದು. ಇಲ್ಲಿ ಸೈಕಲ್ ನಿಧಾನಿಸಿದರೆ ಮನೆಯವರು ಕಿಟಕಿಯಿಂದ ಇಣುಕುವ ಕಾರಣ ವೀಕ್ಷಕನೇ ವೀಕ್ಷ್ಯನಾಗುವ ಜ್ಞಾನಮೀಮಾಂಸಕ ಬಿಕ್ಕಟ್ಟು ತಲೆದೋರುತ್ತದೆ. ಮೂರನೆಯದು ಅನುಮಿತ ತೀರ: ‘ಖಾಸಗಿ ಬೀಚ್, ಸದಸ್ಯರಿಗೆ ಮಾತ್ರ’ ಎಂಬ ಬೋರ್ಡಿನಿಂದಲೇ ನೀರಿನ ಇರವು ತಿಳಿಯುವಂಥದು. ಹೊಗೆಯಿಂದ ಬೆಂಕಿಯನ್ನು ಊಹಿಸಿದ ನೈಯಾಯಿಕರು ಈ ಬೋರ್ಡುಗಳನ್ನು ಕಂಡಿದ್ದರೆ ಸಂತೋಷಪಡುತ್ತಿದ್ದರು. ಉಳಿದ ಆರು ಪ್ರಭೇದಗಳು ಮೂರನೆಯದೇ. ಬೋರ್ಡಿನ ಬಣ್ಣ ಬೇರೆ. ಬರೆಯಲು ಬೇಜಾರು.

“ಎಂತದು ಮಾರಾಯ, ಬೆಳಗ್ಗಿಂದ ಕೆರೆ ಕೆರೆ ಅಂತ ಸುತ್ತಿಸ್ತಾ ಇದ್ದೀ, ಕಾಲು ತೊಳೀಲಿಕ್ಕೆ ಒಂದು ಜಾಗ ಇಲ್ವಾ?” ಎಂದರು ಸಹಸಂಶೋಧಕರು.

ಸೈದ್ಧಾಂತಿಕ ಚೌಕಟ್ಟು

ಮಿಶಿಗನ್‌ಗೆ ಮಹಾಸರೋವರಗಳ ದಂಡೆಯೇ 3,200 ಮೈಲಿಗೂ ಹೆಚ್ಚು. 2005ರಲ್ಲಿ ಗ್ಲಾಸ್ ವರ್ಸಸ್ ಗೋಕೆಲ್ ಮೊಕದ್ದಮೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಈ ಸರೋವರಗಳ ದಂಡೆ ಖಾಸಗಿ ಸ್ವತ್ತಾಗಿದ್ದರೂ ನೀರು ಸಾಮಾನ್ಯವಾಗಿ ಏರಿ ಬರುವ ಗುರುತಿನವರೆಗೆ ಯಾರು ಬೇಕಾದರೂ ನಡೆದಾಡಬಹುದು ಎಂದಿತು. ಒಳ್ಳೆಯ ತೀರ್ಪು. ಆದರೆ ಒಳನಾಡಿನ ಕೆರೆಗಳಿಗೆ ಅದು ತಾಗುವುದಿಲ್ಲ. ಇಲ್ಲಿ ಮನೆ ಯಾರದೋ ದಂಡೆ ಅವರದೇ. ಸಾರ್ವಜನಿಕ ದೋಣಿಗಟ್ಟೆಯೋ ಪಾರ್ಕೋ ಇದ್ದರೆ ನಿನ್ನ ಪುಣ್ಯ, ಇಲ್ಲದಿದ್ದರೆ ಬೇಲಿಯಾಚೆ ನಿಂತು ಜಲಪ್ರಜ್ಞೆ ಬೆಳೆಸಿಕೋ. ಸಾವಿರಾರು ವರ್ಷದ ಹಿಂದೆ ಕರಗಿದ ಹಿಮಕ್ಕೆ ಯಾರಪ್ಪ ಕಂದಾಯ ಕಟ್ಟಿದ್ದ?

ಅಮೆರಿಕದವರನ್ನಷ್ಟೇ ಬೈದರೆ ಅನ್ಯಾಯ. ಊರ ಕೆರೆಗೆ ಯಾರು ಇಳಿಯಬಹುದು, ಯಾರು ಇಳಿಯಬಾರದು ಎಂಬುದನ್ನು ಬೋರ್ಡೇ ಇಲ್ಲದೆ ತಿಳಿಸಿದ ಸಮಾಜ ನಮ್ಮದು. 1927ರಲ್ಲಿ ಮಹಾಡದ ಚವದಾರ್ ಕೆರೆಯಿಂದ ಒಂದು ಬೊಗಸೆ ನೀರು ಕುಡಿಯಲು ಅಂಬೇಡ್ಕರ್ ಸಾವಿರಾರು ಜನರನ್ನು ಕಟ್ಟಿಕೊಂಡು ನಡೆಯಬೇಕಾಯಿತು. ಆ ಕೆರೆ ಅದಾಗಲೇ ಕಾಗದದ ಮೇಲೆ ಎಲ್ಲರದೂ ಆಗಿತ್ತು. ಆ ಭಾಷಣಕಾರರ ಒಂದೂವರೆ ಗಂಟೆಯಲ್ಲಿ ಇದಕ್ಕೆ ಎರಡು ನಿಮಿಷ ಸಿಗಲಿಲ್ಲ. ನದಿ ಎಂದರೆ ಸ್ತ್ರೀತ್ವ, ಕೆರೆ ಎಂದರೆ ಸ್ಮೃತಿ ಎಂದರು, ಚಪ್ಪಾಳೆ ಬಿತ್ತು. ನೀರೆಂದರೆ ಬಾಯಾರಿಕೆ, ಸ್ವಾಮಿ. ನೀರೆಂದರೆ ಬಿಸಿಲಲ್ಲಿ ಬಂದವನು ಯಾರನ್ನೂ ಕೇಳದೆ ಕಾಲು ಇಳಿಬಿಡುವುದು.

ಫಲಿತಗಳು

ಮಾರ್ಷ್‌ಬ್ಯಾಂಕ್ ಪಾರ್ಕಿನಲ್ಲಿ ನೋಡಲು ನೀರು ಸಿಕ್ಕಿತು. ಇಳಿಯಲು ಸಿಕ್ಕಿದ್ದು ಅದೇ ಕ್ಯಾಸ್ ಲೇಕ್‌ನ ಇನ್ನೊಂದು ದಡದ ಡಾಡ್ಜ್ ನಂಬರ್ 4 ಸ್ಟೇಟ್ ಪಾರ್ಕಿನಲ್ಲಿ. ಕಾರಿಗೆ ಪಾಸು ಬೇಕು, ಸೈಕಲ್ಲಿಗೆ ಬೇಡ. ಮಕ್ಕಳ ಗದ್ದಲ, ಅರಬ್ಬೀ, ಸ್ಪ್ಯಾನಿಷ್, ತೆಲುಗು, ಸುಟ್ಟ ಮಾಂಸದ ಹೊಗೆ. ಸಹಸಂಶೋಧಕರು ಮೊಣಕಾಲುದ್ದ ನೀರಲ್ಲಿ ನಿಂತು ಮೊಬೈಲಿನಲ್ಲಿ ಮನೆ ಮಾರಾಟದ ಪಟ್ಟಿ ನೋಡುತ್ತಿದ್ದರು.

“ಇಲ್ಲೊಂದು ಉಂಟು ಮಾರಾಯ, ಕೆರೆಗೆ ಸ್ವಂತ ದಾರಿ ಸಮೇತ. ರೇಟು ಜಾಸ್ತಿ. ಮತ್ತೆ ಒಂದು ಗೇಟು ಬೇರೆ ಹಾಕಿಸ್ಬೇಕು, ಇಲ್ಲದಿದ್ರೆ ಯಾರ್ಯಾರೋ ಸೈಕಲ್ ತಕೊಂಡು ಬಂದುಬಿಡ್ತಾರೆ.”