ಬೆರಳು ಹೆಂಗಿದೆ?

ನಮ್ಮ ತಂಡದ ವಿಕೆಟ್ ಕೀಪರ್‌ನ ಕೈಬೆರಳುಗಳ ಯೋಗಕ್ಷೇಮವನ್ನು ಅವನ ಹೆಂಡತಿ ಕೂಡ ನನ್ನಷ್ಟು ವಿಚಾರಿಸಿರಲಾರಳು. ಹಾನುಬಾಳಿನಲ್ಲಿ ಬಸ್ಸಿಗೆ ಕಾಯುತ್ತಾ ಎದುರಾದರೆ ಸಾಕು, 'ಆರಾಮಾ?' ಅನ್ನುವ ಮೊದಲೇ ನನ್ನ ಕಣ್ಣು ಅವನ ಹೆಬ್ಬೆರಳಿಗೆ ಹೋಗುತ್ತಿತ್ತು. ಪಾಪ, ಅವನು ಅದನ್ನು ಸ್ನೇಹ ಅಂದುಕೊಂಡಿದ್ದ. ನಾನು ಆ ತಂಡದ ಬದಲಿ ಕೀಪರ್.

ಬದಲಿ ಬ್ಯಾಟ್ಸ್‌ಮನ್ನನ ಬದುಕು ಇಷ್ಟು ಕಷ್ಟದ್ದಲ್ಲ. ಆಡುವವರಲ್ಲಿ ಒಬ್ಬನಿಗೆ ಜ್ವರ ಬಂತು, ಇನ್ನೊಬ್ಬನ ಭಾವನ ಮದುವೆ, ಮತ್ತೊಬ್ಬನ ತೋಟದ ಮೋಟರ್ ಸುಟ್ಟಿತು ಅಂದರೂ ಅವನಿಗೊಂದು ಜಾಗ ಸಿಕ್ಕೀತು. ಬದಲಿ ಕೀಪರ್ ಮಾತ್ರ ಒಬ್ಬನೇ ಒಬ್ಬನ ಕೇಡಿಗೆ ಕಾದು ಕೂರಬೇಕು. ಹರಕೆ ಹೊರೋಣವೆಂದರೂ ಯಾವ ದೇವರ ಮುಂದೆ ನಿಂತು ಏನೆಂದು ಕೇಳುವುದು? ನಾನು 'ಎಲ್ಲರಿಗೂ ಒಳ್ಳೆಯದಾಗಲಿ' ಎಂದು ಕೈಮುಗಿದು, ಉಳಿದದ್ದನ್ನು ದೇವರ ತಿಳುವಳಿಕೆಗೆ ಬಿಡುತ್ತಿದ್ದೆ.

ನಮ್ಮ ಕಡೆ ಚೆಂಡು ಉರುಳದ ಜಾಗ ಹುಡುಕುವುದೇ ಒಂದು ಸಾಹಸ. ಕಾಫಿ ಒಣಗಿಸುವ ಕಣ ಬಿಟ್ಟರೆ ಕೊಯ್ಲಾದ ಗದ್ದೆ, ಅಷ್ಟೇ. ಕಾಫಿ ಕೆಲಸ ಒಂದು ಹದಕ್ಕೆ ಬಂದು, ಮುಂಗಾರು ಹಿಡಿಯುವುದರೊಳಗೆ ನಮ್ಮ ಟೆನಿಸ್ ಬಾಲ್ ಟೂರ್ನಿಗಳೆಲ್ಲ ಮುಗಿಯಬೇಕು. ಕೀಪರ್‌ನ ಬೆನ್ನ ಹಿಂದೆ ಗದ್ದೆಯ ಬದು, ಬದುವಿನಾಚೆ ಇಳಿಜಾರು, ಇಳಿಜಾರಿನ ತುಂಬ ರೋಬಸ್ಟಾ, ಅದರ ಬುಡದಲ್ಲಿ ಹಳ್ಳ. ಚೆಂಡೊಂದು ತಪ್ಪಿತೆಂದರೆ ಅದು ಬರೀ ಬೈ ರನ್ನಲ್ಲ, ಒಂದು ಚಾರಣ. ಅದೂ ಹೂಮಳೆ ಬಿದ್ದು ಗಿಡವೆಲ್ಲ ಬೆಳ್ಳಗೆ ಅರಳಿ ನಿಂತ ವಾರವಾದರೆ, ಮೈ ತಗುಲಿ ಹೂವು ಉದುರೀತೆಂದು ತೋಟದವರು ಒಳಗೆ ಕಾಲಿಡಲು ಬಿಡರು. ಇಳಿಹೊತ್ತಾದರೆ ಆನೆಯ ಅಂಜಿಕೆ ಬೇರೆ. ಹೀಗಾಗಿ ಹಾನುಬಾಳು ಸೀಮೆಯ ಕೀಪರ್ ಕಾಯುವುದು ವಿಕೆಟ್ಟನ್ನಲ್ಲ, ಚೆಂಡನ್ನು. ಅದು ಚಂದಾ ಎತ್ತಿ ತಂದದ್ದು.

ದೊಡ್ಡ ಆಟಗಾರರ ಕಥೆ ಹೇಳಿಕೊಂಡು ನಾನು ಸಮಾಧಾನ ಪಡುತ್ತಿದ್ದೆ. ನಮ್ಮ ಸೈಯದ್ ಕಿರ್ಮಾನಿ 1971ರಲ್ಲೂ 1974ರಲ್ಲೂ ಭಾರತ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿ, ಒಂದೂ ಟೆಸ್ಟ್ ಆಡದೆ ವಾಪಸು ಬಂದವರು. ಮುಂದೆ ಫಾರೂಕ್ ಎಂಜಿನಿಯರ್ ಇದ್ದರಲ್ಲ! 1976ರಲ್ಲಿ ಆಕ್ಲೆಂಡಿನಲ್ಲಿ ಜಾಗ ಸಿಕ್ಕಮೇಲೆ 88 ಟೆಸ್ಟ್ ಆಡಿದರು. ಅದೇ ಎಂಜಿನಿಯರ್ ಜೊತೆ ಅದಕ್ಕೂ ಮೊದಲು ಜಾಗಕ್ಕೆ ಗುದ್ದಾಡಿದವರು ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್. 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ಮೇಲೆ 192 ಹೊಡೆದರೂ ಅವರ ಕುರ್ಚಿ ಭದ್ರವಾಗಲಿಲ್ಲ. 2003ರ ವಿಶ್ವಕಪ್ಪಿನಲ್ಲಂತೂ ದ್ರಾವಿಡ್ ತಾವೇ ಗ್ಲೌಸ್ ತೊಟ್ಟು ನಿಂತರು. ಕೀಪರೆಂದೇ ಆರಿಸಿಕೊಂಡು ಹೋಗಿದ್ದ ಪಾರ್ಥಿವ್ ಪಟೇಲ್ ಒಂದೂ ಪಂದ್ಯ ಆಡಲಿಲ್ಲ. ಆ ಹುಡುಗನಿಗೆ 18 ವರ್ಷ ತುಂಬಿದ್ದೂ ಆ ಟೂರ್ನಿಯ ನಡುವೆಯೇ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು 1986ರ ಲಾರ್ಡ್ಸ್. ಇಂಗ್ಲೆಂಡಿನ ಬ್ರೂಸ್ ಫ್ರೆಂಚ್ ತಲೆಗೆ ಪೆಟ್ಟು ತಿಂದು ಬಿದ್ದಾಗ, ಆಟ ಬಿಟ್ಟು ಪ್ರಾಯೋಜಕರ ಅತಿಥಿಗಳನ್ನು ನೋಡಿಕೊಳ್ಳುತ್ತಿದ್ದ 45 ವರ್ಷದ ಬಾಬ್ ಟೇಲರ್‌ರನ್ನು ಕರೆತಂದು ಸ್ಟಂಪ್ ಹಿಂದೆ ನಿಲ್ಲಿಸಿದರು. ಇದನ್ನು ಓದಿದ ಮೇಲೆ ನಾನು ಯಾವ ಮದುವೆ ಊಟಕ್ಕೆ ಹೋದರೂ ಕ್ಯಾನ್ವಾಸ್ ಶೂ ಹಾಕಿಕೊಂಡೇ ಹೋಗುತ್ತಿದ್ದೆ.

ನಮ್ಮ ಕೀಪರ್‌ನ ಬೆರಳು ಮಾತ್ರ ಬೀಟೆ ಮರದ್ದು. ನಾಲ್ಕು ಸೀಸನ್ ಕಳೆದರೂ ಒಂದು ಗೀರು ಬೀಳಲಿಲ್ಲ.

ಐದನೇ ವರ್ಷ ಕ್ಯಾಪ್ಟನ್ ನನ್ನನ್ನು ಪಕ್ಕಕ್ಕೆ ಕರೆದ. ಮೂಡಿಗೆರೆ ಕಡೆಯ ಒಂದು ತಂಡದಲ್ಲೂ ಒಬ್ಬ ಬದಲಿ ಕೀಪರ್ ಇದ್ದಾನೆ, ಅವನೂ ಹೀಗೇ ಕೂತು ಕೂತು ಸಾಕಾಗಿದ್ದಾನೆ, ಅದಲು ಬದಲು ಮಾಡಿಕೊಂಡಿದ್ದೇವೆ ಅಂದ. 'ಜಾಗ ಬದಲಾದ್ರೆ ದೆಸೆ ಬದಲಾಗ್ತದೆ ಮಾರಾಯ.' ಕೂತವನನ್ನು ಎಬ್ಬಿಸಿ ಇನ್ನೊಂದು ಕಡೆ ಕೂರಿಸುವುದರಲ್ಲಿ ಯಾರ ದೆಸೆ ಬದಲಾಗುತ್ತದೆ ಎಂದು ಕೇಳಲಿಲ್ಲ. ಆಮೇಲೆ ಗೊತ್ತಾಯಿತು, ಲೆಕ್ಕ ಸರಿತೂಗದೆ ನನ್ನ ಜೊತೆಗೆ ಒಂದು ಹಳೇ ಬ್ಯಾಟನ್ನೂ ಕೊಟ್ಟಿದ್ದರು. ಕೊಸರು ಅಂತಾರಲ್ಲ, ಅದು. ಆ ಸೀಸನ್ನಿನಲ್ಲಿ ಆ ಬ್ಯಾಟು ನನಗಿಂತ ಹೆಚ್ಚು ಪಂದ್ಯ ಆಡಿತು.

ಅಮೆರಿಕದ ಬೇಸ್‌ಬಾಲಿನಲ್ಲಿ ಇದು ದಿನನಿತ್ಯದ ವ್ಯವಹಾರ. ಅಲ್ಲಿ ದಾಂಡಿಗನ ಹಿಂದೆ ಕುಕ್ಕರಗಾಲಲ್ಲಿ ಕೂರುವವನು ಕ್ಯಾಚರ್, ಅವನಿಗೊಬ್ಬ ಬದಲಿ. ಕೆಳಗಿನ ಮೈನರ್ ಲೀಗುಗಳಲ್ಲಿ ಇಂಥ ಬದಲಿಗಳನ್ನು ಸಂತೆಯ ಹೋರಿಗಳಂತೆ ಅತ್ತಿಂದಿತ್ತ ಹೊಡೆಯುತ್ತಿರುತ್ತಾರೆ. ಅವರಲ್ಲೆಲ್ಲ ನನ್ನ ಕುಲದೇವರು ಹ್ಯಾರಿ ಚಿಟಿ. 1962ರ ಏಪ್ರಿಲ್‌ನಲ್ಲಿ ಕ್ಲೀವ್‌ಲ್ಯಾಂಡ್ ತಂಡ ಈ ಕ್ಯಾಚರನ್ನು ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟಿತು. ಬದಲಿಗೆ ಒಬ್ಬ ಆಟಗಾರನನ್ನು ಆಮೇಲೆ ಹೆಸರಿಸಿ ಕಳಿಸುತ್ತೇವೆ ಎಂದು ಒಪ್ಪಂದ. ಚಿಟಿ 15 ಪಂದ್ಯ ಆಡಿದ. ಜೂನ್‌ನಲ್ಲಿ ಮೆಟ್ಸ್‌ನವರು ಆ ಆಟಗಾರನನ್ನು ಹೆಸರಿಸಿ ಕಳಿಸಿದರು. ಅವನೇ ಹ್ಯಾರಿ ಚಿಟಿ! ತನಗೆ ತಾನೇ ಬೆಲೆಯಾಗಿ, ತನ್ನ ಸಾಲವನ್ನು ತಾನೇ ತೀರಿಸಿ ಮನೆಗೆ ಬಂದ ಪುಣ್ಯಾತ್ಮ.

ನಾನು ಆಡಿದ್ದು ನಾಲ್ಕು ಓವರ್. ಮೂಡಿಗೆರೆ ಕಡೆಯ ಆ ತಂಡದ ಕೀಪರ್ ಊರ ಸುಗ್ಗಿಗೆಂದು ಆಟದ ನಡುವೆ ಎದ್ದು ಹೋದ, ನಾನು ಗ್ಲೌಸ್ ತೊಟ್ಟೆ. ಆ ಗ್ಲೌಸಿಗೆ ಪಲ್ಪರ್ ಮನೆಯ ಹುಳಿ ವಾಸನೆ. ಮೂರು ಓವರ್ ಚೆಂಡು ನನ್ನ ತನಕ ಬರಲೇ ಇಲ್ಲ. ಚೆನ್ನಾಗಿ ಆಡುತ್ತಿದ್ದೇನೆ ಅಂದುಕೊಂಡೆ. ನಾಲ್ಕನೆಯದರಲ್ಲಿ ಒಂದು ಬಂತು. ಬಂದದ್ದು ಕಾಲ ಸಂದಿಯಿಂದ ಹೋಗಿ, ಬದು ಹಾರಿ, ಅರಳಿದ ರೋಬಸ್ಟಾದ ಬೆಳ್ಳನೆಯ ನಡುವೆ ಬೆಳ್ಳಗಿನ ಚೆಂಡಾಗಿ ಸೇರಿಹೋಯಿತು. ಇನ್ನೊಂದು ಚೆಂಡು ಹಿಂದಿನ ಓವರಿನಲ್ಲೇ ಹಳ್ಳ ಸೇರಿತ್ತು. ತೋಟದ ರೈಟರು ಗೇಟಿನಲ್ಲಿ ನಿಂತು, 'ಕಾಯಿ ಕಟ್ಟಿದ ಮೇಲೆ ಬನ್ನಿ' ಅಂದರು. ಪಂದ್ಯ ಅಲ್ಲಿಗೆ ನಿಂತಿತು.

ಮರುವಾರ ನನ್ನನ್ನು ವಾಪಸು ಕಳಿಸಿದರು. ಬ್ಯಾಟನ್ನು ಇಟ್ಟುಕೊಂಡರು.

ಹಾನುಬಾಳಿನಲ್ಲಿ ಇಳಿದಾಗ, ನಾನಿಳಿದ ಬಸ್ಸನ್ನೇ ಹತ್ತಲು ಒಬ್ಬ ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದ. ಚೀಲದ ಬಾಯಿಂದ ಗ್ಲೌಸಿನ ಹೆಬ್ಬೆರಳು ಇಣುಕುತ್ತಿತ್ತು. ಇಬ್ಬರಿಗೂ ಗುರುತು ಸಿಕ್ಕಿತು. ಬಸ್ಸು ಬಿಡಲು ಹತ್ತು ನಿಮಿಷವಿತ್ತು, ಕಾಫಿ ಹೇಳಿದೆ.

'ನಿಮ್ಮೋನ ಬೆರಳು ಗಟ್ಟಿ ಬಿಡಿ' ಅಂದ.

'ನಿಮ್ಮೋನದ್ದೂ.'

ಅವನು ಲೋಟ ಕೆಳಗಿಟ್ಟು, ಸ್ವಲ್ಪ ಹತ್ತಿರ ಬಂದು ಕೇಳಿದ, 'ಎಡಗೈ ಕಿರುಬೆರಳು ಸೊಟ್ಟ ಇದ್ಯಲ್ಲಾ, ಅದು ಹುಟ್ಟಿದಾಗಿಂದಾನಾ?'

ಐದು ವರ್ಷ ನೋಡಿದ್ದೆ. ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.