ಹುಳ ನಮ್ದು, ಸೀರೆ ಯಾರ್ದೋ

ಕನಕಪುರದ ಹತ್ತಿರದ ಹಳ್ಳಿ. ಹುಳುಮನೆ ಬಾಗಿಲಲ್ಲಿ ಅತ್ತಿಗೆ, ನಾದಿನಿ. ನಾಳೆ ಮಾಗಡೀಲಿ ಮದುವೆ.

"ಅತ್ತಿಗೆ, ಇದು ರೇಷ್ಮೆನಾ?"

"ಸಂತೆ ರೇಷ್ಮೆ ಕಣೆ, 400 ರೂಪಾಯಿ. ಒಲೆ ಹತ್ರ ಹೋಗ್ಬಾರ್ದು, ಅಷ್ಟೇಯ."

"ಹುಳ ಮೇಯ್ಸೋ ನಮ್ಗೇ ಪಾಲಿಯೆಸ್ಟರಾ?"

"ನಿದ್ದೆಗೆಟ್ಟು ಸೊಪ್ಪು ಹಾಕಿದ್ದು ನಾವು. ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಯ್ತು, ಸೀರೆಯಾಗಿ ಬಂದು ಅಂಗಡಿ ಗಾಜಿನೊಳಗೆ ಕೂತ್ಕೊಂತು. ನಿಮ್ಮಣ್ಣ ರೇಟು ನೋಡಿ, 'ಮೊದ್ಲೇ ಗೊತ್ತಿದ್ರೆ ನಾನೇ ಗೂಡು ಕಟ್ತಿದ್ದೆ' ಅಂದ್ರು!"

"ಮೈಸೂರು ಸಿಲ್ಕ್ ಜರೀಲಿ ನೂರಕ್ಕೆ 65 ಬೆಳ್ಳಿ, 0.65 ಚಿನ್ನವಂತೆ."

"ನನ್ನ ಜರೀಲಿ ನೂರಕ್ಕೆ ನೂರು ಧೈರ್ಯ."

"ಒಡವೆ?"

"ಚನ್ನಪಟ್ಟಣದ ಆಲೆಮರದ ಸರ, ಅರಗಿನ ಬಣ್ಣದ ಬಳೆ. ನಾವು ಹಾಕಿದ್ರೆ ಬಡತನ. ಬೆಂಗಳೂರೋರು ಹಾಕಿದ್ರೆ ಕರಕುಶಲ. ನಾಳೆ ಒಂದಿನ ನಾವೂ ಬೆಂಗಳೂರೋರೇ."

"ಒಂಚೂರು ಸೆಂಟು ಹಾಕ್ಕೊಳ್ಳಾ?"

"ಅಯ್ಯೋ, ಒಳಗೆ ಹುಳ ಪೊರೆ ಬಿಡೋ ನಾಲ್ಕನೇ ಜ್ವರದಲ್ಲವೆ! ಪೌಡರ್ ವಾಸನೇನೂ ಆಗಲ್ಲ ಅವಕ್ಕೆ."

"ಮತ್ತೆ ನಾನು?"

"ಬಸ್ ಹತ್ತಿದ್ಮೇಲೆ ಬಳ್ಕೊ. ಬರೋವಾಗ ಮೊಕ ತೊಳ್ಕೊಂಡು ಬಾ."